ಸ್ಮೃತಿ ಮತ್ತು ದೇಶಭ್ರಂಶ: ಆರ್ಷಿಲ್ ಗಾರ್ಕಿಯ ಚಿತ್ರಪ್ರದರ್ಶನಗಳು

1

ಶಾಸನ, ನಾಣ್ಯ, ದಫ್ತರದ ಕಾಗದಪತ್ರ, ಪ್ರವಾಸಿಗರ ಬರವಣಿಗೆ ಇವು ಚರಿತ್ರಕಾರನಿಗೆ ಪರಿಚಿತವಾದ ಆಕರಗಳು. ಚಿತ್ರಪ್ರದರ್ಶನವನ್ನು ಈ ಸಾಲಿಗೆ ಸೇರಿಸುವ ವಾಡಿಕೆ ನಮ್ಮಲ್ಲಿ ಅಷ್ಟಾಗಿ ಇಲ್ಲ. ಗೋಡೆಯ ಮೇಲೆ ಕೆಲವು ವಾರ ತೂಗಿದ್ದು ಅನಂತರ ಊರೂರಿಗೆ ಚದುರಿಹೋಗುವ ಚಿತ್ರಗಳು ಕಲಾರಸಿಕರ ಸಂತೋಷಕ್ಕೆ ವಿಷಯವೇ ಹೊರತು ಐತಿಹಾಸಿಕ ವಿಚಾರಣೆಗೆ ಅಲ್ಲವೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಹುಟ್ಟಿದ ಊರು, ಮನೆ, ಬಂಧುಬಳಗ ಎಲ್ಲವನ್ನೂ ಕಳೆದುಕೊಂಡು ಪರದೇಶವನ್ನು ಸೇರಿದವನ ಪಾಲಿಗೆ ದಫ್ತರವೆಂಬುದು ಎಲ್ಲಿಯದು? ಆತನ ಬಾಲ್ಯವನ್ನು ಕಂಡ ನೆರೆಹೊರೆಯವರು ಉಳಿದಿರುವುದಿಲ್ಲ. ಮನೆಯ ಕಾಗದಪತ್ರಗಳು ಮನೆಯೊಡನೆಯೇ ಹೋಗಿರುತ್ತವೆ. ಅಂಥವನು ಚಿತ್ರಕಾರನಾಗಿದ್ದ ಪಕ್ಷದಲ್ಲಿ, ಆತನ ಚಿತ್ರಗಳೂ ಅವುಗಳನ್ನು ಜನರ ಮುಂದಿರಿಸಿದ ಪ್ರದರ್ಶನಗಳೂ ಉಳಿದ ಆಕರಗಳಲ್ಲಿ ಮುಖ್ಯವಾದುವಾಗುತ್ತವೆ.

ಪ್ರಕೃತ ಲೇಖನದಲ್ಲಿ ನಾವು ಇಂಥ ಒಬ್ಬ ಚಿತ್ರಕಾರನ ವಿಷಯವನ್ನು ಪರಾಮರ್ಶಿಸಲು ಎಳಸಿದ್ದೇವೆ. ಆರ್ಷಿಲ್ ಗಾರ್ಕಿ ಎಂಬ ಹೆಸರಿನಿಂದ ಅಮೆರಿಕದ ಕಲಾಚರಿತ್ರೆಯಲ್ಲಿ ಪ್ರಸಿದ್ಧನಾದ ಈತನು ಆರ್ಮೀನಿಯದ ವಲಸೆಗಾರ. 1945ರಲ್ಲಿ ನ್ಯೂಯಾರ್ಕಿನ ಜೂಲಿಯನ್ ಲೆವಿ ಗ್ಯಾಲರಿಯಲ್ಲಿ, 1951ರಲ್ಲಿ ಅದೇ ನಗರದ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ, ಮತ್ತು 2009–10ರಲ್ಲಿ ಫಿಲಡೆಲ್ಫಿಯ, ಲಂಡನ್, ಲಾಸ್ ಏಂಜಲೀಸ್ ನಗರಗಳಲ್ಲಿ ಈತನ ಚಿತ್ರಗಳ ಪ್ರದರ್ಶನಗಳು ನಡೆದುವು. ಚಿತ್ರಕಾರ ಒಬ್ಬನೇ, ಚಿತ್ರಗಳಲ್ಲಿ ಹಲವು ಅವೇ. ಆದರೂ ಈ ಮೂರು ಪ್ರದರ್ಶನಗಳು ಮೂರು ಬೇರೆ ಬೇರೆ ಜೀವನಗಳನ್ನು ಪ್ರೇಕ್ಷಕರಿಗೆ ತೋರಿಸಿದುವು. ಇದು ಹೇಗಾಯಿತು, ಇದರಿಂದ ಚರಿತ್ರೆಯನ್ನು ಅಭ್ಯಾಸಮಾಡುವ ನಾವು ಕಲಿಯತಕ್ಕುದೇನು ಎಂಬುದೇ ಇಲ್ಲಿಯ ಪ್ರಶ್ನೆ.

2

ಮೊದಲು ಜೀವನದ ಮುಖ್ಯಾಂಶಗಳನ್ನು ಹೇಳುವುದು ಅವಶ್ಯ. ಈತನ ನಿಜವಾದ ಹೆಸರು ವೊಸ್ತಾನಿಕ್ ಅದೋಯನ್. ಆಟೊಮನ್ ತುರ್ಕಿ ಸಾಮ್ರಾಜ್ಯದ ಪೂರ್ವದ ಅಂಚಿನಲ್ಲಿ, ವಾನ್ ಸರೋವರದ ದಡದ ಖೋರ್ಕೋಮ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಹುಟ್ಟಿದ ವರ್ಷವನ್ನು ವಿದ್ವಾಂಸರು 1902ರಿಂದ 1905ರವರೆಗೆ ಬೇರೆ ಬೇರೆಯಾಗಿ ಹೇಳುತ್ತಾರೆ. ಈತನೇ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ವರ್ಷಗಳನ್ನು ಹೇಳಿಕೊಂಡದ್ದುಂಟು. ತಾಯಿ ಷುಷಾನಳು ಪುರೋಹಿತರ ಮನೆತನದವಳು. ತಂದೆಯಾದ ಸೆತ್ರಾಗನು 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಹೆಂಡತಿಮಕ್ಕಳನ್ನು ಊರಿನಲ್ಲಿ ಬಿಟ್ಟು ಅಮೆರಿಕಕ್ಕೆ ಹೋಗಿ ದುಡಿಮೆಗೆ ಸೇರಿದ್ದನು.

1915ರಲ್ಲಿ ಆಟೊಮನ್ ಸರ್ಕಾರವು ತನ್ನ ಆರ್ಮೀನಿಯನ್ ಪ್ರಜೆಗಳನ್ನು ಗಡೀಪಾರು ಮಾಡಿ ಲಕ್ಷಗಟ್ಟಲೆ ಜನರ ಸಾವಿಗೆ ಕಾರಣವಾದುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಸುವಿದಿತವಾದ ಸಂಗತಿ. ವಾನ್ ನಗರದ ಆರ್ಮೀನಿಯನ್ನರು ಆ ವರ್ಷದ ಏಪ್ರಿಲ್ ತಿಂಗಳಿನಿಂದ ಮುತ್ತಿಗೆಯನ್ನು ಎದುರಿಸಿ ನಿಂತರು. ಮೇ ತಿಂಗಳಿನಲ್ಲಿ ರಷ್ಯದ ಸೈನ್ಯವು ಬಂದು ಮುತ್ತಿಗೆ ಬಿಟ್ಟಿತು. ಆದರೆ ಬೇಸಗೆಯಲ್ಲಿ ಅದೇ ಸೈನ್ಯವು ಹಿಮ್ಮೆಟ್ಟಿದಾಗ ಊರಿಗೆ ಊರೇ ಅದರ ಹಿಂದೆ ಹೊರಡಬೇಕಾಯಿತು. ಷುಷಾನಳು ಮಕ್ಕಳೊಡನೆ ನೂರು ಮೈಲಿಗೂ ಮೀರಿದ ದಾರಿಯನ್ನು ನಡೆದು ರಷ್ಯದ ಅಧೀನದಲ್ಲಿದ್ದ ಎರೆವಾನ್ ಪಟ್ಟಣವನ್ನು ಸೇರಿದಳು. ಹಿರಿಯ ಹೆಣ್ಣುಮಕ್ಕಳಿಬ್ಬರು ಮರುವರ್ಷ ಅಮೆರಿಕಕ್ಕೆ ಹೋದರು. ಉಳಿದವರು ತಾಯಿ, ಈ ಹುಡುಗ, ಆತನ ತಂಗಿ ವಾರ್ತೂಷ್. ಎರೆವಾನ್ ಆಗ ನಿರಾಶ್ರಿತರಿಂದ ತುಂಬಿ, ಕ್ಷಾಮಕ್ಕೂ ಸಾಂಕ್ರಾಮಿಕ ಜಾಡ್ಯಗಳಿಗೂ ತುತ್ತಾಗಿದ್ದಿತು. 1919ರ ಮಾರ್ಚ್ ತಿಂಗಳಿನಲ್ಲಿ ತಾಯಿ ಹಸಿವಿನಿಂದ ಸತ್ತಳು. ಹದಿಹರೆಯದ ಅಣ್ಣತಂಗಿಯರು ತಿಫ್ಲಿಸ್, ಬಟೂಮ್, ಕಾನ್‌ಸ್ಟಾಂಟಿನೋಪಲ್‌ಗಳ ಮಾರ್ಗವಾಗಿ 1920ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಇಳಿದರು.

ಕೆಲವು ಕಾಲ ಬಂಧುಗಳೊಡನೆ ಇದ್ದು ಕೂಲಿ ಮಾಡಿ, ಬಾಸ್ಟನ್ನಿನಲ್ಲಿ ಚಿತ್ರಕಲೆಯನ್ನು ಅಭ್ಯಾಸಮಾಡಿ, 1920ರ ದಶಕದ ನಡುವಿನಲ್ಲಿ ನ್ಯೂಯಾರ್ಕಿಗೆ ಬಂದ ಯುವಕನು ಅದೋಯನ್ ಎಂಬ ಹೆಸರನ್ನು ಬಿಟ್ಟು ಆರ್ಷಿಲ್ ಗಾರ್ಕಿಯಾದನು. ರಷ್ಯದ ಲೇಖಕ ಮ್ಯಾಕ್ಸಿಂ ಗಾರ್ಕಿಗೆ ತಾನು ನೆಂಟನೆಂದು ಹೇಳಿಕೊಂಡನು. ಆ ಲೇಖಕನ ನಿಜನಾಮವೇ ಪೆಷ್ಕೋವ್ ಎಂಬುದನ್ನು ಬಲ್ಲವರಿಗೆ ಈ ನೆಂಟಸ್ತಿಕೆ ಅಸಾಧ್ಯವೆಂದು ತಿಳಿಯುತ್ತಿದ್ದಿತು. ಗಾರ್ಕಿ ಎಂದರೆ ರಷ್ಯನ್ ಭಾಷೆಯಲ್ಲಿ ಕಹಿ ಎಂದರ್ಥ. ಮುಂದೆ, 1941ರಲ್ಲಿ ಕೈಹಿಡಿದ ಪತ್ನಿಗೂ ಆತನ ನಿಜನಾಮವು ಬಹುಕಾಲ ತಿಳಿದಿರಲಿಲ್ಲ.

ಹೆಸರನ್ನು ಮರೆಮಾಡಿದುದನ್ನು ಬರಿಯ ಹುಡುಗಾಟವೆಂದು ಎಣಿಸಲಾಗದು. ಆ ಕಾಲದ ಅಮೆರಿಕದ ಪತ್ರಿಕೆಗಳಲ್ಲಿಯೂ ದಾನಸಂಗ್ರಹದ ಕರಪತ್ರಗಳಲ್ಲಿಯೂ ಆರ್ಮೀನಿಯನ್ ಎಂದರೆ ಹಸಿದು ಕೈಚಾಚಿದ ಅನಾಥ ಎಂಬ ಚಿತ್ರ ಮೂಡಿದ್ದಿತು. ಹಸಿವಿನಿಂದ ತಾಯಿಯನ್ನು ಕಳೆದುಕೊಂಡವನಿಗೆ ಆ ಕನಿಕರವು ಎಷ್ಟು ಭಾರವಾಗಿದ್ದಿರಬೇಕೆಂಬುದನ್ನು ವಾಚಕರು ಊಹಿಸಬಹುದು.

3

ಮಾತಿನಲ್ಲಿ ಮರೆಮಾಡಿದುದನ್ನು ಗಾರ್ಕಿಯು ಚಿತ್ರಶಾಲೆಯಲ್ಲಿ ಮರೆಮಾಡಲಿಲ್ಲ. 1912ರಲ್ಲಿ ವಾನ್ ನಗರದಲ್ಲಿ ತೆಗೆಸಿದ ಒಂದು ಛಾಯಾಚಿತ್ರವಿದೆ. ದೂರದೇಶದಲ್ಲಿದ್ದ ತಂದೆಗೆ ಕಳುಹಿಸಲೆಂದು ತೆಗೆಸಿದ್ದು ಅದು. ತಲೆಗೆ ವಸ್ತ್ರವನ್ನು ಹೊದ್ದ ತಾಯಿ ಕುಳಿತಿದ್ದಾಳೆ. ಹೂಬಳ್ಳಿಯ ಕೆಲಸವಿರುವ ಏಪ್ರನ್ ಆಕೆಯ ಉಡುಪಿನ ಮುಂಭಾಗವನ್ನು ಮುಚ್ಚಿದೆ. ಪಕ್ಕದಲ್ಲಿ ಕೋಟು ತೊಟ್ಟ ಹುಡುಗನು ಕೈಯಲ್ಲಿ ಸಣ್ಣ ಹೂಗೊಂಚಲನ್ನು ಹಿಡಿದು ನಿಂತಿದ್ದಾನೆ. ಇಬ್ಬರ ಕಣ್ಣುಗಳೂ ನೇರವಾಗಿ ನಮ್ಮ ಕಡೆಗೆ, ಅಂದರೆ ಅಮೆರಿಕದಲ್ಲಿರುವ ಯಜಮಾನನ ಕಡೆಗೆ ನೋಡುತ್ತಿವೆ. ಗಂಡನು ತಮ್ಮನ್ನು ಮರೆಯಬಾರದೆಂಬ ಉದ್ದೇಶದಿಂದ ತಾಯಿ ಮಾಡಿಸಿದ ಈ ಪಟವು ಕೊನೆಗೆ ಮಗನ ಕೈಸೇರಿತು. ಆ ವೇಳೆಗೆ ಆಕೆಯೂ ಇರಲಿಲ್ಲ, ಆ ಊರಿನ ಆರ್ಮೀನಿಯನ್ ಜೀವನವೂ ಇರಲಿಲ್ಲ.

ಈ ಪಟವನ್ನು ಆಧಾರವಾಗಿಟ್ಟುಕೊಂಡು ಗಾರ್ಕಿಯು ಸುಮಾರು 1926ರಲ್ಲಿ ಎರಡು ವರ್ಣಚಿತ್ರಗಳನ್ನು ಆರಂಭಿಸಿದನು. ಎರಡಕ್ಕೂ 'ಕಲಾವಿದ ಮತ್ತು ಆತನ ತಾಯಿ' ಎಂಬುದೇ ಹೆಸರು. ಒಂದು ಇಂದು ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿಯೂ ಇನ್ನೊಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಸಂಗ್ರಹದಲ್ಲಿಯೂ ಇವೆ. ಮೊದಲನೆಯದರಲ್ಲಿ ಸುಮಾರು 1936ರವರೆಗೂ ಎರಡನೆಯದರಲ್ಲಿ ಸುಮಾರು 1942ರವರೆಗೂ ಆತನು ಕೈಯಾಡಿಸುತ್ತಲೇ ಇದ್ದನು. ಬಣ್ಣವನ್ನು ಬಳಿಯುವುದು, ಒಣಗಿದ ಮೇಲೆ ಅಲಗಿನಿಂದ ಹೆರೆಯುವುದು, ಮತ್ತೆ ಬಳಿಯುವುದು ಹೀಗೆ ವರ್ಷಗಟ್ಟಲೆ ನಡೆದು ಮೊದಲನೆಯ ಚಿತ್ರದ ಮೈ ಪಿಂಗಾಣಿಯಂತೆ ನುಣುಪಾಗಿದೆ.

ಛಾಯಾಚಿತ್ರವನ್ನೂ ವರ್ಣಚಿತ್ರಗಳನ್ನೂ ಹೋಲಿಸಿ ನೋಡಿದಾಗ ಎರಡು ವ್ಯತ್ಯಾಸಗಳು ಗಮನಕ್ಕೆ ಬರುತ್ತವೆ. ಮೊದಲನೆಯದು ಕೈಗಳು. ತಾಯಿಯ ಕೈಗಳಿಗೆ ಬೆರಳುಗಳಿಲ್ಲ. ಅವು ಬಟ್ಟೆಯಲ್ಲಿ ಸುತ್ತಿದಂತೆ ಅಸ್ಪಷ್ಟವಾದ ಮುದ್ದೆಗಳಾಗಿ ಉಳಿದಿವೆ. ಎರಡನೆಯದು ಏಪ್ರನ್. ಪಟದಲ್ಲಿ ತುಂಬಿಕೊಂಡಿದ್ದ ಹೂಬಳ್ಳಿ ಚಿತ್ರದಲ್ಲಿ ಒಂದೂ ಇಲ್ಲ. ಅಲ್ಲಿರುವುದು ಬರಿಯ ಬಣ್ಣದ ಹರವು. ಇದು ಕೈಲಾಗದೆ ಬಿಟ್ಟದ್ದಲ್ಲ. ಚೌಕಳಿ ಗೆರೆಗಳನ್ನು ಎಳೆದು ಪಟದ ಆಕಾರವನ್ನು ಅಳತೆಗೆ ಸರಿಯಾಗಿ ದೊಡ್ಡದುಮಾಡಿಕೊಳ್ಳಲು ಆತನು ರಚಿಸಿದ ರೇಖಾಚಿತ್ರವೂ ಉಳಿದುಬಂದಿದೆ. ಹೂಗಳನ್ನು ಒಂದೊಂದಾಗಿ ನಕಲುಮಾಡುವ ಸಾಮರ್ಥ್ಯ ಆತನಿಗೆ ಧಾರಾಳವಾಗಿ ಇದ್ದಿತು. ಮಾಡಲಿಲ್ಲ.

ತಾಯಿಯ ವಿಶಾಲವಾದ ಕಣ್ಣುಗಳಲ್ಲಿ ಆರ್ಮೀನಿಯದ ಪ್ರಾಚೀನ ಹಸ್ತಪ್ರತಿಗಳ ಚಿತ್ರಣವನ್ನು ಕೆಲವರು ಕಾಣುತ್ತಾರೆ. ಫ್ರೆಂಚ್ ಚಿತ್ರಕಾರ ಆಂಗ್ರನ ಶುದ್ಧರೇಖೆಯ ಪ್ರಭಾವವನ್ನು ಇನ್ನು ಕೆಲವರು ಹೇಳುತ್ತಾರೆ. ಆಂಗ್ರನ ಸ್ವಚಿತ್ರದ ಪ್ರತಿಯೊಂದನ್ನು ಗಾರ್ಕಿಯು ತನ್ನ ಚಿತ್ರಶಾಲೆಯ ಗೋಡೆಗೆ ಹಾಕಿದ್ದುದೂ ನಿಜ. ಈ ಎರಡು ಅಭಿಪ್ರಾಯಗಳಲ್ಲಿ ಒಂದನ್ನು ಮಾತ್ರ ಆರಿಸಬೇಕೆಂಬ ನಿರ್ಬಂಧವೇನೂ ಇಲ್ಲ. ಹಿಂದಿನ ಊರಿನದೂ ಬಂದ ಊರಿನದೂ ಒಂದೇ ಕಣ್ಣಿನಲ್ಲಿ ಕೂಡಿಕೊಳ್ಳುವುದು ವಲಸೆಗಾರನ ಸ್ಮೃತಿಯ ಸ್ವಭಾವವೇ ಆಗಿದೆ.

4

1940ರಿಂದ 1943ರವರೆಗೆ ಗಾರ್ಕಿಯು ರಚಿಸಿದ 'ಸೋಚಿಯ ತೋಟ' ಎಂಬ ಚಿತ್ರಮಾಲೆಯಲ್ಲಿ ಸ್ಮೃತಿಯು ಬೇರೊಂದು ರೂಪವನ್ನು ತಾಳಿತು. ಇಲ್ಲಿ ಗುರುತಿಸಬಹುದಾದ ಮನುಷ್ಯರಿಲ್ಲ. ಬಣ್ಣದ ಮೇಲೆ ತೇಲುವ ಆಕಾರಗಳಷ್ಟೇ ಇವೆ. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯವು ಇವುಗಳಲ್ಲಿ ಒಂದನ್ನು ಕೊಂಡು, 1942ರಲ್ಲಿ ಚಿತ್ರದ ವಿಷಯವಾಗಿ ಒಂದು ಹೇಳಿಕೆಯನ್ನು ಬರೆದುಕೊಡಲು ಕೇಳಿತು. ಆಗ ಆತನು ಬರೆದುದು ತಂದೆಯ ತೋಟದ ನೆನಪು. ಹಣ್ಣುಬಿಡುವುದನ್ನು ನಿಲ್ಲಿಸಿದ ಸೇಬಿನ ಮರಗಳು, ಕಾಡುಗಜ್ಜರಿ ಬೆಳೆದ ನೆರಳಿನ ಮೂಲೆ, ಇಷ್ಟಾರ್ಥಗಳನ್ನು ಬೇಡಿಕೊಂಡು ಹೆಂಗಸರು ಮೈಸೋಕಿಸುತ್ತಿದ್ದ ನೀಲಿ ಬಂಡೆ, ದಾರಿಹೋಕರು ತಮ್ಮ ಬಟ್ಟೆಯಿಂದ ಹರಿದ ಚೂರುಗಳನ್ನು ಕಟ್ಟಿಹೋಗುತ್ತಿದ್ದ ಎಲೆಯಿಲ್ಲದ ಪವಿತ್ರವೃಕ್ಷ, ಗಾಳಿಯಲ್ಲಿ ಆ ಚೂರುಗಳು ಮಾಡುತ್ತಿದ್ದ ಸದ್ದು ಇವು ಅದರಲ್ಲಿ ಬರುತ್ತವೆ.

ಸೋಚಿ ಎಂಬುದು ಕಪ್ಪು ಸಮುದ್ರದ ದಡದ ರಷ್ಯನ್ ಪಟ್ಟಣ. ಗಾರ್ಕಿಯ ತಂದೆಯ ತೋಟವಿದ್ದುದು ವಾನ್ ಸರೋವರದ ದಡದಲ್ಲಿ. ಹೀಗೆ ಚಿತ್ರದ ವಿಷಯ ಸತ್ಯ, ಹೆಸರು ಹುಸಿ. ರಷ್ಯದವನೆಂದು ಜನರನ್ನು ನಂಬಿಸಿದ್ದವನು ತನ್ನ ತೋಟವನ್ನೂ ರಷ್ಯಕ್ಕೆ ಸಾಗಿಸಿದನು. ವಲಸೆಗಾರನ ಹೇಳಿಕೆಯಲ್ಲಿ ಸ್ಥಳನಾಮವು ತಪ್ಪಾಗಿದ್ದ ಮಾತ್ರಕ್ಕೆ ಒಳಗಿನ ನೆನಪೂ ಸುಳ್ಳೆಂದು ತಳ್ಳಿಹಾಕಲಾಗದು. ಅಂತೆಯೇ ನೆನಪು ಮನಮುಟ್ಟುವಂತಿದೆಯೆಂದು ಸ್ಥಳನಾಮವನ್ನು ಪರೀಕ್ಷಿಸದೆ ಬಿಡಲೂ ಆಗದು. ಎರಡನ್ನೂ ಬೇರೆ ಬೇರೆಯಾಗಿ ತೂಗಿನೋಡುವುದು ನಮ್ಮ ಕೆಲಸ.

5

ಈಗ ಪ್ರದರ್ಶನಗಳ ಕಡೆಗೆ ಬರೋಣ. 1943ರ ಬೇಸಗೆಯನ್ನು ಗಾರ್ಕಿಯು ವರ್ಜೀನಿಯದಲ್ಲಿದ್ದ ಪತ್ನಿಯ ತಂದೆತಾಯಿಗಳ ಜಮೀನಿನಲ್ಲಿ ಕಳೆದನು. ಹುಲ್ಲು, ಹೂ, ಕೀಟಗಳನ್ನು ಹತ್ತಿರದಿಂದ ನೋಡಿ ನೂರಾರು ರೇಖೆಗಳನ್ನು ಬರೆದನು. ಬಹುಕಾಲ ಸೆಜಾನನನ್ನೂ ಪಿಕಾಸೊವನ್ನೂ ಗುರುಗಳೆಂದು ಅನುಸರಿಸಿ ಬಂದಿದ್ದವನ ಕೈ ಅಲ್ಲಿ ಸ್ವತಂತ್ರವಾಯಿತು. 1944ರಲ್ಲಿ ರಚಿತವಾದ ಚಿತ್ರವೊಂದರ ಹೆಸರು 'ನನ್ನ ತಾಯಿಯ ಕಸೂತಿಯ ಏಪ್ರನ್ ನನ್ನ ಬಾಳಿನಲ್ಲಿ ಬಿಚ್ಚಿಕೊಳ್ಳುವ ಬಗೆ' ಎಂದು. ತೆಳುವಾದ ಬಣ್ಣ ನೀರಿನಂತೆ ಇಳಿದು ಹರಿದ ಆ ಚಿತ್ರದಲ್ಲಿ ಏಪ್ರನ್ನನ್ನು ಹುಡುಕಿದರೆ ಸಿಕ್ಕುವುದಿಲ್ಲ. ಆದರೆ ಹತ್ತಾರು ವರ್ಷ ಬರಿದಾಗಿ ಉಳಿದಿದ್ದ ಕಸೂತಿಯು ಇಲ್ಲಿ ಹೆಸರಾಗಿಯಾದರೂ ಮರಳಿ ಬಂದಿತು.

1945ರ ಮಾರ್ಚ್ ತಿಂಗಳಿನಲ್ಲಿ ಜೂಲಿಯನ್ ಲೆವಿ ಗ್ಯಾಲರಿಯಲ್ಲಿ ಗಾರ್ಕಿಯ ಪ್ರದರ್ಶನ ನಡೆದಾಗ ಅದಕ್ಕೆ ಮುನ್ನುಡಿಯ ಲೇಖನವನ್ನು ಬರೆದವನು ಅತಿವಾಸ್ತವ ಪಂಥದ ನಾಯಕನಾದ ಆಂದ್ರೆ ಬ್ರೆಟನ್. ಯುದ್ಧದ ದೆಸೆಯಿಂದ ಫ್ರಾನ್ಸನ್ನು ಬಿಟ್ಟುಬಂದು ಆತನೂ ಆಗ ನ್ಯೂಯಾರ್ಕಿನಲ್ಲಿ ನಿರಾಶ್ರಿತನಾಗಿದ್ದನು. ಈ ಕಾಲದ ಚಿತ್ರಗಳಿಗೆ ಹೆಸರಿಡುವುದರಲ್ಲಿ ಆತನ ಸಹಾಯವೂ ಇದ್ದಿತು; ಆದಕಾರಣ ಹೆಸರುಗಳೆಲ್ಲವೂ ಗಾರ್ಕಿಯೊಬ್ಬನ ಬಾಯಿಂದ ಬಂದುವೆಂದು ಹೇಳುವಂತಿಲ್ಲ. ನಿಸರ್ಗವನ್ನು ನೋಡುತ್ತ ಒಳಗಿನ ಭಾವಗಳನ್ನು ಸಾದೃಶ್ಯದಿಂದ ಹೊರತರುವ ಕಣ್ಣು ಇದೆಂದು ಬ್ರೆಟನ್ ಪ್ರಶಂಸಿಸಿದನು. ಪ್ರೇಕ್ಷಕರ ಪಾಲಿಗೆ ಆ ಪ್ರದರ್ಶನ ಸ್ವಪ್ನಲೋಕವೊಂದರ ದರ್ಶನವಾಯಿತು. ನೆನಪನ್ನು ಕನಸಿನ ಹೆಸರಿನಿಂದ ಕರೆಯಲಾಯಿತು.

ಇದಕ್ಕೆ ವಿಮರ್ಶಕರನ್ನು ದೂರುವುದು ನ್ಯಾಯವಲ್ಲ. ಚಿತ್ರಕಾರನೇ ತನ್ನ ಚರಿತ್ರೆಯನ್ನು ಮುಚ್ಚಿಟ್ಟಿದ್ದನು. ಅಲ್ಲದೆ, ಆತನ ಜನರಿಗೆ ಒದಗಿದ ವಿಪತ್ತನ್ನು ಹೇಳಲು ತಕ್ಕ ಶಬ್ದವೇ ಅಂದಿನವರೆಗೆ ಇರಲಿಲ್ಲ. ಒಂದು ಜನಾಂಗವನ್ನೇ ನಿರ್ಮೂಲಮಾಡುವ ಅಪರಾಧಕ್ಕೆ ರಫೇಲ್ ಲೆಮ್ಕಿನ್ ಎಂಬ ಪೋಲೆಂಡಿನ ನ್ಯಾಯವಾದಿ 'ಜೆನೊಸೈಡ್' ಎಂಬ ಪದವನ್ನು ಅಚ್ಚಿನಲ್ಲಿ ಪ್ರಕಟಿಸಿದ್ದು 1944ರಲ್ಲಿ, ಏಪ್ರನ್ನಿನ ಚಿತ್ರ ರಚಿತವಾದ ವರ್ಷದಲ್ಲಿಯೇ. ಆರ್ಮೀನಿಯನ್ನರ ದುರಂತವೂ ಲೆಮ್ಕಿನ್ನನ ವಿಚಾರಕ್ಕೆ ಪ್ರೇರಣೆಯಾಗಿದ್ದಿತು. ವಿಶ್ವಸಂಸ್ಥೆಯು ಅದನ್ನು ಅಪರಾಧವೆಂದು ಘೋಷಿಸುವ ಒಪ್ಪಂದವನ್ನು ಅಂಗೀಕರಿಸಿದ್ದು 1948ರ ಡಿಸೆಂಬರ್ 9ರಂದು. ಗಾರ್ಕಿಯು ಅದನ್ನು ನೋಡಲು ಉಳಿದಿರಲಿಲ್ಲ. 1946ರ ಜನವರಿಯಲ್ಲಿ ಚಿತ್ರಶಾಲೆಗೆ ಬೆಂಕಿ ಬಿದ್ದು ಹಲವು ಚಿತ್ರಗಳು ಸುಟ್ಟುಹೋದುವು; ಆಗ ಕಳೆದುಹೋದುದನ್ನು ನೆನಪಿನಿಂದಲೇ ಮತ್ತೆ ಬರೆಯಲು ಯತ್ನಿಸಿದನು. ಅದೇ ವರ್ಷ ಅರ್ಬುದರೋಗಕ್ಕೆ ಶಸ್ತ್ರಚಿಕಿತ್ಸೆಯಾಯಿತು. 1948ರ ಜೂನಿನಲ್ಲಿ ಮೋಟಾರು ಅಪಘಾತದಲ್ಲಿ ಪೆಟ್ಟುತಿಂದು, ಸಂಸಾರವೂ ಒಡೆದು, ಜುಲೈ 21ರಂದು ಆತ್ಮಹತ್ಯೆ ಮಾಡಿಕೊಂಡನು.

1951ರ ಆರಂಭದಲ್ಲಿ ವಿಟ್ನಿ ಸಂಗ್ರಹಾಲಯವು ಸ್ಮಾರಕಪ್ರದರ್ಶನವನ್ನು ಏರ್ಪಡಿಸಿತು. ಆರ್ಮೀನಿಯದ ಜನ್ಮವು ಈಗ ಮರೆಯಾಗಿರಲಿಲ್ಲ. ಆದರೆ ಅಮೆರಿಕದ ಕಲೆಗೆ ಮೀಸಲಾದ ಆ ಸಂಸ್ಥೆಯ ಪ್ರಶ್ನೆಯೇ ಬೇರೆ. ಯೂರೋಪಿನ ಆಧುನಿಕ ಕಲೆಯಿಂದ ಅಮೆರಿಕದ ನೂತನ ಅಮೂರ್ತ ಕಲೆಗೆ ಸೇತುವೆಯಾದವನು ಎಂಬ ಸ್ಥಾನವು ಗಾರ್ಕಿಗೆ ದೊರೆಯಿತು. ಈ ಸ್ಥಾನ ಆತನಿಗೆ ಸಲ್ಲತಕ್ಕುದೇ. ಸೇತುವೆಯ ಉಪಮೆಯಲ್ಲಿ ಮಾತ್ರ ಒಂದು ಲೋಪವಿದೆ: ಸೇತುವೆಯನ್ನು ದಾಟುವವರು ಅದು ಯಾವ ನೆಲದಿಂದ ಎದ್ದಿತೆಂದು ಕೇಳುವುದಿಲ್ಲ.

6

ಮುಚ್ಚಿಹೋದ ಚರಿತ್ರೆಯನ್ನು ಹೊರತೆಗೆಯಬೇಕೆಂಬ ಆಸೆ ಮುಂದಿನ ಪೀಳಿಗೆಯಲ್ಲಿ ಹುಟ್ಟಿದುದು ಸಹಜ. ಆ ಆಸೆಯು ದಾರಿತಪ್ಪಿದ ಸಂಗತಿಯೊಂದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ತಂಗಿ ವಾರ್ತೂಷಳ ಮಗನಾದ ಕಾರ್ಲೆನ್ ಮೂರಾಡಿಯನ್, ತನ್ನ ಸೋದರಮಾವನು ಆರ್ಮೀನಿಯನ್ ಭಾಷೆಯಲ್ಲಿ ಮನೆಯವರಿಗೆ ಬರೆದುವೆಂದು ಹೇಳಿ ಹಲವು ಪತ್ರಗಳ ಅನುವಾದಗಳನ್ನು 1970ರ ದಶಕದಲ್ಲಿ ಪ್ರಕಟಿಸಿದನು. ತಾಯ್ನಾಡಿನ ಹಂಬಲ, ಆರ್ಮೀನಿಯನ್ ಶಿಲ್ಪದ ಹಿರಿಮೆ, ತನ್ನ ಚಿತ್ರಗಳ ಅರ್ಥ ಇವೆಲ್ಲ ಅವುಗಳಲ್ಲಿ ನಿರರ್ಗಳವಾಗಿ ಬರುತ್ತಿದ್ದುವು. ಮುಚ್ಚಿಟ್ಟ ಬಾಯಿ ಕೊನೆಗೆ ತೆರೆಯಿತೆಂದು ವಿದ್ವಾಂಸರು ಸಂತೋಷಪಟ್ಟರು. ಆ ಪತ್ರಗಳನ್ನು ಆಧಾರವಾಗಿ ಉಪಯೋಗಿಸಿದ ಗ್ರಂಥಗಳು ಒಂದೆರಡಲ್ಲ.

1990ರ ದಶಕದಲ್ಲಿ ನೂರಿತ್ಸ ಮಟೋಸಿಯನ್, ಮ್ಯಾಥ್ಯೂ ಸ್ಪೆಂಡರ್ ಮೊದಲಾದ ಚರಿತ್ರಕಾರರು ಮೂಲಗಳನ್ನು ಹುಡುಕಿದಾಗ ಇವುಗಳಲ್ಲಿ ಅನೇಕ ಪತ್ರಗಳಿಗೆ ಆರ್ಮೀನಿಯನ್ ಮೂಲವೇ ಇಲ್ಲವೆಂದು ಕಂಡುಬಂದಿತು. ಉಳಿದಿರುವ ನಿಜಪತ್ರಗಳು ಸರಳವಾದವು, ಮನೆವಾರ್ತೆಯವು. ಅವುಗಳ ಧಾಟಿಗೂ ಪ್ರಕಟವಾದ ಪತ್ರಗಳ ಧಾಟಿಗೂ ಹೊಂದಿಕೆಯಿಲ್ಲ. ಅವು ಸೋದರಳಿಯನ ರಚನೆಗಳೆಂದು ಇಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಗಾರ್ಕಿಯ ನಿಜವಾದ ಪತ್ರಗಳಾದರೂ ನಿಷ್ಕಳಂಕವಲ್ಲ. ಪ್ರಣಯಪತ್ರಗಳಲ್ಲಿ ಆತನು ಶಿಲ್ಪಿ ಗೋಡಿಯೆ-ಬ್ರ್ಜೆಸ್ಕನ ಅಚ್ಚಾದ ಪತ್ರಗಳಿಂದ ವಾಕ್ಯಗಳನ್ನು ಎತ್ತಿಕೊಂಡು ತನ್ನವೆಂಬಂತೆ ಬರೆದದ್ದುಂಟು.

ಸೋದರಳಿಯನ ಕೃತ್ಯದ ಹಿಂದೆ ಅಭಿಮಾನವಿದ್ದಿರಬಹುದು, ತನ್ನ ಜನರ ನೋವನ್ನು ಲೋಕಕ್ಕೆ ತಿಳಿಸುವ ಕಾತರವಿದ್ದಿರಬಹುದು. ಆದರೆ ಪರಿಣಾಮವು ವಿಪರೀತವಾದುದು. ನಿರ್ಮೂಲವಾದ ಜನಾಂಗದ ಸ್ಮೃತಿಗೆ ಸಾಕ್ಷ್ಯವೇ ಪ್ರಾಣ. ಒಂದು ಕೂಟಪತ್ರವು ಬಯಲಾದರೆ, ಘಟನೆಯನ್ನೇ ಅಲ್ಲಗಳೆಯುವವರ ಕೈಗೆ ಆಯುಧವೊಂದು ಸಿಕ್ಕಂತಾಗುತ್ತದೆ. 1915ರ ಘಟನೆಗಳನ್ನು ಅಲ್ಲಗಳೆಯುವವರು ಇಂದಿಗೂ ಇರುವಲ್ಲಿ ಈ ಅಪಾಯವು ಸಣ್ಣದಲ್ಲ.

7

2009ರ ಅಕ್ಟೋಬರ್ ತಿಂಗಳಿನಲ್ಲಿ ಫಿಲಡೆಲ್ಫಿಯ ಕಲಾಸಂಗ್ರಹಾಲಯದಲ್ಲಿ ಆರಂಭವಾಗಿ, ಮುಂದಿನ ವರ್ಷ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿಯೂ ಲಾಸ್ ಏಂಜಲೀಸಿನಲ್ಲಿಯೂ ನಡೆದ ಸಿಂಹಾವಲೋಕನ ಪ್ರದರ್ಶನವು ಈ ಪರಿಷ್ಕೃತವಾದ ಚರಿತ್ರೆಯ ತಳಹದಿಯ ಮೇಲೆ ನಿಂತಿತು. ಕೂಟಪತ್ರಗಳ ಆಸರೆಯಿಲ್ಲದೆಯೇ ಗಾರ್ಕಿಯನ್ನು ಆರ್ಮೀನಿಯನ್ ನರಮೇಧದಿಂದ ಬದುಕಿಬಂದವನೆಂದು ಅದು ಸ್ಪಷ್ಟವಾಗಿ ಮುಂದಿರಿಸಿತು. 'ಕಲಾವಿದ ಮತ್ತು ಆತನ ತಾಯಿ' ಚಿತ್ರದ ಎರಡು ರೂಪಗಳನ್ನೂ ಜೊತೆಯಲ್ಲಿ ನೋಡುವ ಅವಕಾಶವು ಪ್ರೇಕ್ಷಕರಿಗೆ ದೊರೆಯಿತು. ಲಾಸ್ ಏಂಜಲೀಸ್ ಪ್ರಾಂತದಲ್ಲಿ ಆರ್ಮೀನಿಯನ್ನರು ದೊಡ್ಡ ಸಂಖ್ಯೆಯಲ್ಲಿ ನೆಲಸಿರುವುದರಿಂದ, ಅಲ್ಲಿ ಆ ಚಿತ್ರದ ಮುಂದೆ ನಿಂತವರಲ್ಲಿ ಇಂಥದೇ ಪಟಗಳನ್ನು ಮನೆಯಲ್ಲಿ ಕಾಪಾಡಿಕೊಂಡ ಕುಟುಂಬದವರೂ ಇದ್ದಿರಲೇಬೇಕು. ಅಮೆರಿಕದ ಅಧ್ಯಕ್ಷರು 1915ರ ಘಟನೆಗಳನ್ನು ನರಮೇಧವೆಂದು ವಿಧ್ಯುಕ್ತವಾಗಿ ಒಪ್ಪಿದುದು ಇನ್ನೂ ಹತ್ತು ವರ್ಷಗಳ ಮೇಲೆ, 2021ರ ಏಪ್ರಿಲ್ 24ರಂದು.

ಮೂರು ಪ್ರದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟಪಡುತ್ತದೆ. 1945ರವರು ಕನಸನ್ನು ಕಂಡರು, 1951ರವರು ಶೈಲಿಯನ್ನು ಕಂಡರು, 2009ರವರು ಗಾಯವನ್ನು ಕಂಡರು. ಒಂದೊಂದು ತಲೆಮಾರೂ ತನಗೆ ಹೇಳಲು ಶಬ್ದವಿದ್ದುದನ್ನು ಕಂಡಿತು. ಕೊನೆಯದೇ ಸಂಪೂರ್ಣವೆಂದು ನಾವು ಹೇಳುವುದಿಲ್ಲ. ಎಲ್ಲ ಚಿತ್ರಗಳನ್ನೂ 1915ರ ನಕ್ಷೆಯಾಗಿ ಓದುವುದು, ವರ್ಜೀನಿಯದ ಹುಲ್ಲಿನಲ್ಲಿ ಆತನು ಪಟ್ಟ ಸಂತೋಷಕ್ಕೂ ದಶಕಗಳ ಅಭ್ಯಾಸಕ್ಕೂ ಅನ್ಯಾಯಮಾಡಿದಂತೆಯೇ ಸರಿ. ಚಿತ್ರಗಳು ವಾನ್ ನಗರದಲ್ಲಿ ನಡೆದುದಕ್ಕೆ ಸಾಕ್ಷಿಯಲ್ಲ. ಅದಕ್ಕೆ ಬೇರೆ ದಾಖಲೆಗಳು ಬೇಕಾದಷ್ಟಿವೆ. ನಡೆದುದನ್ನು ಒಬ್ಬ ಮನುಷ್ಯನು ಮುಂದಿನ ಮೂವತ್ತು ವರ್ಷ ಹೇಗೆ ಹೊತ್ತನೆಂಬುದಕ್ಕೆ ಅವು ಸಾಕ್ಷಿ.

ಅದಕ್ಕಾಗಿಯೇ ನಾವು ಮತ್ತೊಮ್ಮೆ ಆ ಬರಿದಾದ ಏಪ್ರನ್ನಿನ ಕಡೆಗೆ ತಿರುಗಬೇಕಾಗಿದೆ. ಪಟದಲ್ಲಿ ಹೂಬಳ್ಳಿ ಎದುರಿಗೇ ಇದ್ದಿತು. ಹದಿನೈದು ವರ್ಷಗಳ ಕಾಲ ಬಳಿದು, ಹೆರೆದು, ಮತ್ತೆ ಬಳಿದರೂ ಮಗನು ಅದನ್ನು ತುಂಬಲಿಲ್ಲ. ಏಕೆ ತುಂಬಲಿಲ್ಲವೆಂಬುದಕ್ಕೆ ಆತನು ಕಾರಣವನ್ನು ಬರೆದಿಟ್ಟಿಲ್ಲ. ಸೋದರಳಿಯನು ಮಾಡಿದುದು, ಆ ಬರಿಯ ಜಾಗದಲ್ಲಿ ತನಗೆ ಒಪ್ಪಿದ ಹೂಗಳನ್ನು ಹೊಲಿದದ್ದು. ನೆಲೆತಪ್ಪಿದವರ ಚರಿತ್ರೆಯನ್ನು ಬರೆಯುವವರಿಗೆ ಈ ಆಮಿಷವು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಅವರ ಕಾಗದಪತ್ರಗಳು ಕಡಮೆ, ನಮ್ಮ ಕನಿಕರ ಹೆಚ್ಚು. ಕನಿಕರವಿರಲಿ. ಆದರೆ ಉಳಿದಿರುವುದನ್ನು ಉಳಿದಷ್ಟೇ ತೋರಿಸಿ, ಅಳಿದುಹೋದುದನ್ನು ಅಳಿದುಹೋಯಿತೆಂದೇ ಬರೆಯುವ ಸಂಯಮವೂ ಅದರ ಜೊತೆಗೆ ಇರಲಿ. ಷುಷಾನಳ ಮಡಿಲಿನ ಆ ಬರಿಯ ಬಟ್ಟೆಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಅದರ ಮೇಲೆ ನಮ್ಮ ಕಸೂತಿಯನ್ನು ಹಾಕದಿರುವುದು.